ವಿಯೆನ್ನಾದಲ್ಲಿ ಭಾನುವಾರ ತೆರೆದಿರುವುದು

ಕಥೆಯಲ್ಲಿ ಟ್ರಾಮಿನ ಬಾಗಿಲು ಮುಚ್ಚುವ ಭಾಗ ಬಂದಾಗ ಚರಣ್ ಎರಡೂ ಅಂಗೈಗಳನ್ನು ತಟ್ಟುತ್ತಾನೆ. ಅಡುಗೆಮನೆಯಲ್ಲಿ ಸೌತೆಕಾಯಿ ಹೆಚ್ಚುತ್ತಿದ್ದ ಅವನ ಹೆಂಡತಿ ಮೈತ್ರಿಯ ಚಾಕು, ಪ್ರತಿ ಸಲದಂತೆ, ಆ ಸದ್ದಿಗಿಂತ ಒಂದು ಕ್ಷಣ ಮೊದಲೇ ನಿಂತಿತು.

“ಪಟ್! ಒಳಗಡೆ ನಾನು, ಜಾಹ್ನವಿ, ಬ್ಯಾಗುಗಳು. ಹೊರಗಡೆ ಇವಳು. ಇವಳ ಫೋನ್ ಎಲ್ಲಿ? ನನ್ನ ಬ್ಯಾಗಲ್ಲಿ ಚಾರ್ಜ್ ಆಗ್ತಾ ಕೂತಿದೆ!”

ಹಾಲ್‌ನಲ್ಲಿ ಐವನ್ ನಕ್ಕ. ಅವನ ಹೆಂಡತಿ ಲಿಲ್ಲಿ “ಅಯ್ಯೋ ದೇವ್ರೇ” ಎಂದಳು. ಗಂಡಸರು ನಗುವುದು, ಹೆಂಗಸರು ದೇವರನ್ನು ಕರೆಯುವುದು: ಈ ಕಥೆ ಕೇಳಿದವರಲ್ಲಿ ಯಾರೂ ಇದುವರೆಗೆ ಈ ನಿಯಮ ಮುರಿದಿರಲಿಲ್ಲ.

“ಟಿಪ್ ಏನಪ್ಪಾ ಅಂದ್ರೆ,” ಎಂದ ಚರಣ್, “ಯಾರ ಫೋನು ಅವರ ಮೈಮೇಲೇ ಇರ್ಬೇಕು. ತಲೆಗೊಂದು ಪವರ್ ಬ್ಯಾಂಕ್.”

ಎರಡು ಬೇಸಿಗೆಗಳ ಹಿಂದೆ ಯುರೋಪಿಗೆ ಹೋಗಿ ಬಂದಾಗಿನಿಂದ ಚರಣ್ ತಮ್ಮ ಬಡಾವಣೆ ಎಜುಕೇಶನ್ ಹಿಲ್‌ನ ಯುರೋಪ್ ಇಲಾಖೆಯಾಗಿದ್ದ. ಕನ್ನಡದವರು ಯಾರೇ ಆ ಕಡೆ ಹೊರಟರೂ ಮೊದಲು ಈ ಮನೆಯಲ್ಲಿ ಊಟ, ಆಮೇಲೆ ವೀಸಾ. ಇವತ್ತು ಹತ್ತಿರದ ಊರು ಮಿಲ್ ಕ್ರೀಕ್‌ನಿಂದ ಐವನ್ ಮತ್ತು ಲಿಲ್ಲಿ ಬಂದಿದ್ದರು.

ಸ್ವಿಸ್ ಹೋಟೆಲಿನ ಕೋಣೆಯಲ್ಲಿ ಪುಟ್ಟ ರೈಸ್ ಕುಕ್ಕರ್ ಇಟ್ಟು ಫೈರ್ ಅಲಾರಂ ಬಡಿದುಕೊಂಡದ್ದು ಒಂದು ಟಿಪ್ ಆಗಿತ್ತು: ಕುಕ್ಕರನ್ನು ಕಿಟಕಿಯ ಪಕ್ಕ ಇಡಿ. ರೋಮಿನಲ್ಲಿ ಮಗಳು ಜಾಹ್ನವಿಗೆ ಜ್ವರ ಬಂದದ್ದು: ಟೈಲೆನಾಲ್ ಮಾತ್ರೆ ಇಲ್ಲಿಂದಲೇ ಒಯ್ಯಿರಿ. ಪ್ಯಾರಿಸ್ಸಿನಲ್ಲಿ ಗಂಡಹೆಂಡತಿ ಮಾತು ಬಿಟ್ಟದ್ದು ಕೂಡ: ದಿನಕ್ಕೆ ಒಂದೇ ಮ್ಯೂಸಿಯಂ ಸಾಕು. ಚರಣ್‌ನ ಯುರೋಪಿನಲ್ಲಿ ದುಃಖವೆಂಬುದು ಉಳಿದಿರಲಿಲ್ಲ. ಎಲ್ಲವೂ ಸಲಹೆಯಾಗಿ ಮಾರ್ಪಟ್ಟಿತ್ತು.

ಮೈತ್ರಿ ಬಾಥೆಲ್‌ನ ಒಂದು ಲ್ಯಾಬಿನಲ್ಲಿ ಜೀವಕೋಶಗಳ ಚಲನೆಯನ್ನು ನೋಡುವ ಕೆಲಸ ಮಾಡುತ್ತಿದ್ದಳು. ಕ್ಯಾಮೆರಾ ಬಿಟ್ಟು ಬಿಟ್ಟು ಚಿತ್ರ ತೆಗೆಯುತ್ತಿರುತ್ತದೆ. ಕೋಶವೊಂದು ಕೆಲವು ಚಿತ್ರಗಳಲ್ಲಿ ಅಲುಗದೇ ಇದ್ದರೆ ಸಾಫ್ಟ್‌ವೇರ್ ಅದಕ್ಕೆ ಕೆಂಪು ಬಳಿದು ಸತ್ತವುಗಳ ಗುಂಪಿಗೆ ಸೇರಿಸುತ್ತದೆ. ಮತ್ತೆ ನೋಡಿದರೆ ಆ ಕೆಂಪು ಕೋಶಗಳಲ್ಲಿ ಯಾವುದೋ ಒಂದು ಮೆಲ್ಲಗೆ ಎಲ್ಲಿಗೋ ಹೊರಟಿರುತ್ತದೆ. ಇಂಥವನ್ನು ಹುಡುಕಿ ತಿದ್ದುವುದಕ್ಕೆ ಅವಳಿಗೆ ಸಂಬಳ.

ತನ್ನ ವಿಷಯವನ್ನೂ ಅವಳು ಅಷ್ಟೇ ಜಾಗ್ರತೆಯಿಂದ ಪರೀಕ್ಷಿಸಿದ್ದಳು. ಟ್ರಾಮಿನ ಬಾಗಿಲು ಪಟ್ಟೆಂದು ಮುಚ್ಚಿರಲಿಲ್ಲ. ಮೊದಲು ಪೀಂ ಪೀಂ ಎಂದು ಎಚ್ಚರಿಸಿತು. ಒಂದು ಕಾಲು ಇಡಲು ಧಾರಾಳ ಸಮಯವಿತ್ತು. ಅವಳು ಇಡಲಿಲ್ಲ. ಇಡಬಾರದೆಂದು ನಿರ್ಧರಿಸಿದ್ದಕ್ಕೂ ಪುರಾವೆ ಇರಲಿಲ್ಲ. ಗಾಜಿನ ಹಿಂದೆ ಚರಣ್‌ನ ಬಾಯಿ ತೆರೆದು ಮುಚ್ಚುತ್ತಿತ್ತು. ಸದ್ದಿಲ್ಲದಿದ್ದರೆ ಇವನು ಎಷ್ಟು ಚೆನ್ನಾಗಿ ಕಾಣುತ್ತಾನೆ ಎಂದು ಅನಿಸಿದ್ದು ಮಾತ್ರ ಸ್ಪಷ್ಟವಾಗಿ ನೆನಪಿತ್ತು.

ಸಂಜೆ ಅವಳು ಹೋಟೆಲಿಗೆ ನಡೆದುಕೊಂಡು ಬಂದಾಗ ಚರಣ್ ಅಳುತ್ತಿದ್ದ, ಅಥವಾ ಕೂಗಾಡುತ್ತಿದ್ದ. ಎಲ್ಲಿದ್ದೆ ಎಂದು ಕೇಳಿದ. ಚರ್ಚಿನಲ್ಲಿ ಕೂತಿದ್ದೆ ಎಂದಳು. ಒಳ್ಳೆಯ ಉತ್ತರ. ದೇವರ ಮುಂದೆ ಕೂತವರನ್ನು ಯಾರೂ ಯಾಕೆ ಎಂದು ಕೇಳುವುದಿಲ್ಲ. ಅಂದಿನಿಂದ ಆ ಮಧ್ಯಾಹ್ನ ಅವಳೊಬ್ಬಳದೇ ಆಗಿತ್ತು. ಈ ಮನೆಯಲ್ಲಿ ಅವಳೊಬ್ಬಳದೇ ಆದದ್ದು ಬೇರೇನೂ ಇರಲಿಲ್ಲ.

ಲಿಲ್ಲಿ ಡಬ್ಬಿಯೊಂದನ್ನು ಹಿಡಿದುಕೊಂಡು ಅಡುಗೆಮನೆಗೆ ಬಂದಳು. “ಪತ್ರೊಡೆ. ಕೆಸುವಿನ ಎಲೆ ಸಿಗ್ಲಿಲ್ಲ, ಕೊಲಾರ್ಡ್ ಸೊಪ್ಪಿನದ್ದು ಮಾಡಿದ್ದೇನೆ, ಬೈಬೇಡಿ. ಮತ್ತೆ ಮೈತ್ರಿ, ಆ ಚರ್ಚ್ ಯಾವುದು?”

“ಯಾವ ಚರ್ಚು?”

“ನೀವು ಕೂತದ್ದು ಮಾರಾಯ್ರೆ. ಮಮ್ಮಿಗೆ ಅಲ್ಲಿಗೇ ಹೋಗ್ಬೇಕಂತೆ.”

ಲಿಲ್ಲಿಯ ತಾಯಿ ಕ್ರಿಸ್ಟಿನಾ ಮಂಗಳೂರಿನಿಂದ ವಿಯೆನ್ನಾಕ್ಕೆ ಬಂದು ಇವರನ್ನು ಸೇರುವವರಿದ್ದರು.

“ಹೆಸರು ನೆನಪಿಲ್ಲ ಲಿಲ್ಲಿ. ಊರ ಮಧ್ಯೆ ದೊಡ್ಡ ಕೆಥೆಡ್ರಲ್ ಇದೆಯಲ್ಲ, ಅದಕ್ಕೆ ಹೋಗ್ಲಿ.”

“ಅದು ಬೇಡಂತೆ. ಕ್ಯೂ ನಿಂತು ದೇವ್ರನ್ನು ನೋಡ್ಲಿಕ್ಕೆ ನಾನೆಂತ ಮೃಗಾಲಯಕ್ಕೆ ಹೋಗುದಾ ಅಂತ ಕೇಳ್ತಾರೆ. ಒಳಗೆ ಹೇಗುಂಟು ಹೇಳಿ, ಐವನ್ ಹುಡುಕ್ತಾರೆ.”

“ಬಿಳಿ ಗೋಡೆ.”

“ಮತ್ತೆ?”

“ಉದ್ದದ ಬೆಂಚು. ಬೆಚ್ಚಗಿತ್ತು.”

“ಅದು ಒಳ್ಳೇದಾಯ್ತು, ಮಮ್ಮಿಗೆ ಮಂಡಿ ನೋವು. ಜನ?”

“ಅಲ್ಲೊಬ್ರು ಇಲ್ಲೊಬ್ರು. ಯಾರೂ ಮಾತಾಡ್ತಿರ್ಲಿಲ್ಲ.”

“ಧೂಪದ ವಾಸನೆ?”

“ಒಳ್ಳೇ ವಾಸನೆ.”

ಗೋಡೆಯಿಂದ ವಾಸನೆಯವರೆಗೆ ಅವಳು ಒಂದೂ ಸುಳ್ಳು ಹೇಳಿರಲಿಲ್ಲ. ವಿಜ್ಞಾನ ಓದಿದವಳಿಗೆ ಇದರಲ್ಲಿ ಸಣ್ಣದೊಂದು ಹೆಮ್ಮೆಯೂ ಆಯಿತು.

ಲಿಲ್ಲಿ ಪತ್ರೊಡೆಯನ್ನು ಮೈಕ್ರೋವೇವಿಗೆ ಇಟ್ಟು, ತಿರುಗುವ ತಟ್ಟೆಯನ್ನು ನೋಡುತ್ತ ನಿಂತಳು. “ಡ್ಯಾಡಿ ಹೋದ ಮೇಲೆ ಮಮ್ಮಿಗೆ ಊರಿನ ಇಗರ್ಜಿಯಲ್ಲಿ ಕೂರ್ಲಿಕ್ಕೇ ಆಗುದಿಲ್ಲ. ಕೂತ ಕೂಡ್ಲೇ ಯಾರಾದ್ರೂ ಬಂದು ಕೈ ಹಿಡೀತಾರೆ, ಅಳ್ತಾರೆ. ಇವರು ಅವರನ್ನು ಸಮಾಧಾನ ಮಾಡ್ಬೇಕು. ಗುರ್ತು ಪರಿಚಯ ಇಲ್ಲದ ಕಡೆ ಸ್ವಲ್ಪ ಹೊತ್ತು ಕೂತು ಬರ್ಬೇಕಂತೆ. ಚರಣ್ ಗ್ರೂಪಲ್ಲಿ ಹಾಕಿದ್ರಲ್ಲ ನಿಮ್ಮ ಕಥೆ, ಅದನ್ನು ನಾನು ಫೋನಲ್ಲಿ ಹೇಳಿದೆ. ಮಮ್ಮಿ ನಗ್ಲೇ ಇಲ್ಲ. ಆ ಹುಡುಗಿ ಕೂತ ಜಾಗ ಕೇಳು ಅಂದ್ರು.”

ಮೈತ್ರಿ ಚಾಕು ಕೆಳಗಿಟ್ಟಳು. ತಾನೆಂದೂ ನೋಡದ ಕ್ರಿಸ್ಟಿನಾ, ಮಂಡಿ ನೋವಿನ ಕಾಲೆಳೆದುಕೊಂಡು ವಿಯೆನ್ನಾದ ಬೀದಿಗಳಲ್ಲಿ ಬಿಳಿ ಗೋಡೆಯ ಚರ್ಚನ್ನು ಹುಡುಕುವುದು ಕಣ್ಣಿಗೆ ಕಟ್ಟಿತು.

“ಲಿಲ್ಲಿ, ಅದು ಚರ್ಚಲ್ಲ.”

“ಮತ್ತೆಂತದ್ದು?”

“ಲಾಂಡ್ರಿ. ಕಾಸು ಹಾಕಿ ಬಟ್ಟೆ ಒಗೆಯೋ ಜಾಗ. ಭಾನುವಾರ ಎಲ್ಲ ಅಂಗಡಿ ಮುಚ್ಚಿತ್ತು, ಇದೊಂದು ತೆಗೆದಿತ್ತು. ಒಳಗೆ ಹೋಗಿ ಕೂತೆ. ಬೇರೆಯವರ ಬಟ್ಟೆ ತಿರುಗೋದನ್ನ ನೋಡ್ತಿದ್ದೆ. ಅಷ್ಟೆ.” ಮೆಲ್ಲಗೆ ಸೇರಿಸಿದಳು, “ಚರಣ್‌ಗೆ ಹೇಳಿಲ್ಲ.”

ಕೊನೆಯ ಮಾತು ಲಿಲ್ಲಿಗೆ ಕೇಳಿಸಿತೋ ಇಲ್ಲವೋ. ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತ ಆಗಲೇ ಹಾಲ್‌ನ ಕಡೆ ಹೊರಟಿದ್ದಳು. “ಚರಣ್, ಕೇಳಿದ್ರಾ? ನಿಮ್ಮ ಹೆಂಡ್ತಿ ಕೂತದ್ದು ಚರ್ಚಲ್ಲಲ್ಲ ಮಾರಾಯ್ರೆ, ಲಾಂಡ್ರಿಯಲ್ಲಿ!”

ಮೈತ್ರಿ ಬಾಗಿಲಿಗೆ ಬಂದು ನಿಂತಳು. ಚರಣ್‌ನ ಬಾಯಿ ತೆರೆದಿತ್ತು, ಸದ್ದು ಬಂದಿರಲಿಲ್ಲ.

“ಲಾಂಡ್ರಿ?” ಎಂದ ಕೊನೆಗೆ. “ಬಟ್ಟೆ ಎಲ್ಲ ನನ್ನ ಹತ್ರ ಇತ್ತಲ್ಲ.”

“ಹೌದು.”

“ಮತ್ತೆ ಏನು ಒಗೆದೆ?”

“ಏನೂ ಇಲ್ಲ.”

“ಅಷ್ಟು ಹೊತ್ತು?”

“ಅಷ್ಟು ಹೊತ್ತು.”

ಈಗ ಯಾಕೆ ಎಂದು ಕೇಳುತ್ತಾನೆ ಎಂದುಕೊಂಡಳು. ಭಯವಾಯಿತು. ಭಯದ ಅಡಿಯಲ್ಲಿ, ಕೇಳಲಿ ಎಂಬ ಆಸೆಯೂ ಇದ್ದುದನ್ನು ಅವಳು ಪ್ರಾಮಾಣಿಕವಾಗಿ ಗಮನಿಸಿದಳು. ಚರಣ್ ಅವಳನ್ನು ನೋಡುತ್ತಿದ್ದ. ಇಷ್ಟು ನೇರವಾಗಿ ಅವನು ನೋಡಿ ಬಹಳ ದಿನವಾಗಿತ್ತು.

“ಭಾನುವಾರ ಓಪನ್ ಉಂಟಾ ಅದು?” ಐವನ್ ಕೇಳಿದ.

ಚರಣ್‌ನ ಮುಖ ಸಡಿಲವಾಯಿತು. ಮುಳುಗುತ್ತಿದ್ದವನಿಗೆ ಹಗ್ಗ ಸಿಕ್ಕಿತ್ತು.

“ಅದೇ ಪಾಯಿಂಟು ಐವನ್! ಭಾನುವಾರ ಸೂಪರ್ ಮಾರ್ಕೆಟ್ ಕ್ಲೋಸು, ಲಾಂಡ್ರಿ ಓಪನ್! ಈ ಆಂಗಲ್ ನಾನು ಯೋಚ್ನೇನೇ ಮಾಡಿರ್ಲಿಲ್ಲ. ಭಾನುವಾರಾನೇ ಒಗೆಯೋ ದಿನ ಅಂತ ಇಟ್ಕೊಂಡ್ರೆ ಬಟ್ಟೆ ಅರ್ಧ ಸಾಕು. ಒಬ್ಬೊಬ್ಬರಿಗೆ ಒಂದೇ ಕ್ಯಾರಿ ಆನ್ ಬ್ಯಾಗು!”

“ಸೋಪು?”

“ಶೀಟ್ ಬರುತ್ತೆ, ಕಾಗದದ ಥರ. ಲಿಕ್ವಿಡ್ ತಗೊಂಡು ಹೋದ್ರೆ ಏರ್‌ಪೋರ್ಟಲ್ಲಿ ಕಿತ್ಕೋತಾರೆ.”

“ನನ್ನ ಮಮ್ಮಿಗೆ ಎಂತ ಹೇಳುದು ಈಗ?” ಎಂದಳು ಲಿಲ್ಲಿ.

“ಜಪಸರ ಹಿಡ್ಕೊಂಡು ಲಾಂಡ್ರಿಯಲ್ಲಿ ಕೂರ್ಲಿ,” ಎಂದ ಐವನ್. “ಪಾಪವೂ ತೊಳೀತದೆ, ಸೀರೆಯೂ ತೊಳೀತದೆ.”

ಲಿಲ್ಲಿ ಅವನ ಬೆನ್ನಿಗೆ ಗುದ್ದಿದಳು. ನಗು ತಗ್ಗಿದ ಮೇಲೆ ಅವಳೇ ಹೇಳಿದಳು, “ಇಲ್ಲ, ನಿಜವಾಗ್ಲೂ. ಮಮ್ಮಿ ಕೂರ್ತಾರೆ. ಎಲ್ಲಿ ಅಂತ ತೋರಿಸಿ.”

“ತಾಳಿ, ಹೋಗೇ ಬಿಡೋಣ,” ಎಂದ ಚರಣ್. ಫೋನಿನ ಮ್ಯಾಪಿನಲ್ಲಿ ಬೀದಿಯ ಫೋಟೋಗಳು ಕಾಣುವ ಭಾಗವನ್ನು ಗೋಡೆಯ ಟಿವಿಗೆ ಹಾಕಿದ. ಗೋಡೆಯ ತುಂಬ ವಿಯೆನ್ನಾದ ಬೀದಿ ತೆರೆದುಕೊಂಡಿತು: ಟ್ರಾಮಿನ ಹಳಿ, ನಿಲ್ದಾಣ, ನಡೆಯುತ್ತ ಹಾಗೇ ಹೆಪ್ಪುಗಟ್ಟಿದ ಜನ. ಸದ್ದು ಕೇಳಿ ಜಾಹ್ನವಿ ಮಹಡಿಯಿಂದ ಇಳಿದು ಬಂದಳು.

“ಇಲ್ಲಿ ನೀನು ಉಳಿದುಹೋದೆ ಮೈತ್ರಿ. ಇಲ್ಲಿಂದ ಎಡಕ್ಕಾ, ಬಲಕ್ಕಾ?”

ಅವಳು ಬಲಕ್ಕೆ ಹೋಗಿದ್ದಳು.

“ಎಡಕ್ಕೆ.”

ಚರಣ್ ಎಡಕ್ಕೆ ಹೊರಟ. ಔಷಧಿ ಅಂಗಡಿ ಜಾರಿತು, ಬೇಕರಿ ಜಾರಿತು, ಕಂಬಕ್ಕೆ ಕಟ್ಟಿದ ಸೈಕಲ್ ಜಾರಿತು. ಮೈತ್ರಿಗೆ ನಿರಾಳವಾಯಿತು. ಈ ಬೀದಿಯಲ್ಲಿ ಅವಳು ಕಾಲೇ ಇಟ್ಟಿರಲಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಎಲ್ಲರಿಗೂ ಬೇಸರವಾಗುತ್ತದೆ, ಊಟಕ್ಕೆ ಏಳುತ್ತಾರೆ. ಕ್ರಿಸ್ಟಿನಾಗೆ ಮಾತ್ರ, ಇನ್ನೊಂದು ದಿನ, ಗುಟ್ಟಾಗಿ ಫೋನ್ ಮಾಡಿ ದಾರಿ ಹೇಳಬಹುದು.

“ಅಲ್ಲಿ! ಅಲ್ಲಿ!” ಲಿಲ್ಲಿ ಕೂಗಿದಳು.

ಮೂಲೆಯಲ್ಲಿ ದೊಡ್ಡ ಗಾಜಿನ ಕಿಟಕಿ. ಒಳಗೆ ಬಿಳಿ ಗೋಡೆ, ಒಗೆಯುವ ಯಂತ್ರಗಳ ಸಾಲು, ಉದ್ದದ ಬೆಂಚು. ಊರೆಂದ ಮೇಲೆ ಒಂದೇ ಲಾಂಡ್ರಿ ಇರಬೇಕೆಂದಿಲ್ಲ. ಇಷ್ಟು ಸರಳ ಸಾಧ್ಯತೆಯನ್ನು ಅವಳು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಬೆಂಚಿನ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಕಪ್ಪು ಕೂದಲು, ಮಡಿಲಲ್ಲಿ ಕೈ. ಬೀದಿಯಲ್ಲಿ ಸಿಕ್ಕ ಎಲ್ಲರ ಮುಖಕ್ಕೂ ಮಾಡುವಂತೆ ಮ್ಯಾಪಿನವರು ಅವಳ ಮುಖವನ್ನೂ ಮಸುಕುಮಾಡಿದ್ದರು.

“ಮೈತ್ರೀ! ನೀನೇ ಕಣೇ!” ಚರಣ್ ಎದ್ದು ನಿಂತ. “ಕೂತಿರೋ ಸ್ಟೈಲ್ ನೋಡಿ!”

“ನೂರಕ್ಕೆ ನೂರು ನೀವೇ,” ಎಂದಳು ಲಿಲ್ಲಿ.

ಜಾಹ್ನವಿ ಟಿವಿಯ ಹತ್ತಿರ ಹೋಗಿ ಕೈಬೀಸಿದಳು. “ಹಾಯ್ ಅಮ್ಮಾ! ಯು ಲುಕ್ ಸೋ ಬೋರ್ಡ್.”

ಮೈತ್ರಿ ನೋಡಿದಳು. ಆ ಹೆಂಗಸಿನ ಪಕ್ಕದಲ್ಲಿ ಖಾಲಿ ಬುಟ್ಟಿ, ಮುಂದಿನ ಯಂತ್ರದ ತುಂಬ ಬಣ್ಣಬಣ್ಣದ ಬಟ್ಟೆ. ಅವಳಿಗೆ ಅಲ್ಲಿ ಕೂರಲು ಕಾರಣವಿತ್ತು.

“ನೀನೇ ಅಲ್ವಾ?” ಚರಣ್ ತಿರುಗಿ ನೋಡದೆಯೇ ಕೇಳಿದ.

ಅಲ್ಲ ಎಂದರೆ ಎಲ್ಲರೂ ಬಲಕ್ಕೆ ಹೊರಡುತ್ತಿದ್ದರು.

“ಹೌದು,” ಎಂದಳು, “ನಾನೇ.”

ಐವನ್ ಚಪ್ಪಾಳೆ ತಟ್ಟಿದ. ಲಿಲ್ಲಿ ಟಿವಿಯ ಫೋಟೋ ತೆಗೆದು ಮಮ್ಮಿಗೆ ಕಳಿಸಿದಳು. ಹತ್ತಿರದಿಂದ ನೋಡಲೆಂದು ಚರಣ್ ಫೋನಿನಲ್ಲಿ ಒಂದು ಹೆಜ್ಜೆ ಮುಂದೊತ್ತಿದ. ಅಲ್ಲಿನ ಚಿತ್ರ ಬೇರೆ ಯಾವುದೋ ವರ್ಷದ್ದು. ಅದೇ ಮೂಲೆ, ಮರಗಳಲ್ಲಿ ಎಲೆಯಿಲ್ಲ, ಗಾಜಿನ ಮೇಲೆ ಉದ್ದಕ್ಕೂ ಎಳೆದ ಕಬ್ಬಿಣದ ಶಟರು.

“ಅರೆ!” ಚರಣ್ ಹಿಂದಕ್ಕೊತ್ತಿದ. ಹೆಂಗಸು ಬಂದಳು. ಮುಂದಕ್ಕೊತ್ತಿದ. ಶಟರು.

“ಇನ್ನೊಮ್ಮೆ, ಇನ್ನೊಮ್ಮೆ,” ಎಂದ ಐವನ್.

ಹೆಂಗಸು. ಶಟರು. ಹೆಂಗಸು. ಶಟರು. ಸೋಫಾದ ಮೇಲೆ ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಅವರ ಹಿಂದೆ ಮೈತ್ರಿ ನಿಂತಿದ್ದಳು. ಹೆಂಗಸು ಬಂದಾಗಲೆಲ್ಲ ಜಾಹ್ನವಿ ಟಿವಿಗೆ ಕೈಬೀಸುತ್ತಿದ್ದಳು, ಶಟರು ಬಂದಾಗ ಕೈ ಇಳಿಸುತ್ತಿದ್ದಳು.