ಅಪರೂಪದ ಬಳಕೆ

"ಈ ಕಾರ್ಡು ನಿನಗೇ ಸರಿ ಕಣೇ, ಇಟ್ಕೋ," ಎನ್ನುತ್ತ ಎದುರು ಮೇಜಿನ ಅಕ್ಕ ಅದನ್ನು ಅವಳ ಕಡೆ ತಳ್ಳಿದರು. ಕಾರ್ಡಿನ ತಲೆಯಲ್ಲಿ ಒಂದೇ ಪದ: ಫಿಯಾನ್ಸೆ. "ಅನುಭವಸ್ಥರು ಬರೆದ್ರೆ ಅರ್ಥ ಚೆನ್ನಾಗಿ ಕೂರತ್ತೆ."

ಕನ್ನಡದಲ್ಲಿ ಬಳಕೆಯಾಗುವ ಇಂಗ್ಲಿಷ್ ಪದಗಳ ನಿಘಂಟು ತಯಾರಾಗುತ್ತಿದ್ದ ಆ ಕೋಣೆಯ ನಾಲ್ಕೂ ಮೇಜುಗಳು ನಕ್ಕವು. ಅವಳೂ ನಕ್ಕಳು. ಸಂಪಾದಕರ ತಂಗಿಯ ಮಗನಿಗೆ ಅವಳನ್ನು ಕೊಡುವುದೆಂದು ಹೋದ ತಿಂಗಳು ಮಾತಾಗಿತ್ತು. ಮಾತಾಡಿದವರು ಸಂಪಾದಕರು ಮತ್ತು ಅಮ್ಮ. ಇವತ್ತು ಐದು ಗಂಟೆಗೆ ಉಂಗುರದ ಅಳತೆ ಕೊಡಲು ಅಂಗಡಿಗೆ ಹೋಗಬೇಕು. ಅಷ್ಟರೊಳಗೆ ಬೇಡವೆಂದು ಹೇಳಿಬಿಡಬೇಕೆಂದು ಬೆಳಿಗ್ಗೆಯಿಂದ ಮೂರು ಸಲ ಸಂಪಾದಕರ ಮೇಜಿನವರೆಗೆ ಹೋಗಿ, ಮೂರು ಸಲವೂ ಪೆನ್ಸಿಲ್ ಕೇಳಿ ತಂದಿದ್ದಳು.

ಅರ್ಥ ಬರೆಯುವುದು ಕಷ್ಟವಾಗಲಿಲ್ಲ. ಫ್ರೆಂಚಿನಿಂದ ಇಂಗ್ಲಿಷಿಗೆ ಬಂದದ್ದು. ಮದುವೆ ನಿಶ್ಚಯವಾದ ಹೆಣ್ಣು. ಮೂಲದಲ್ಲಿ ಮಾತು ಕೊಡುವುದು ಎಂಬ ಅರ್ಥ. ಯಾರು ಕೊಟ್ಟ ಮಾತು ಎಂಬುದನ್ನು ಪದ ಹೇಳುವುದಿಲ್ಲ. ಬಳಕೆ ನೋಡಲು, ಪತ್ರಿಕೆ ಕಾದಂಬರಿಗಳಿಂದ ಆಯ್ದ ವಾಕ್ಯಗಳ ಚೀಟಿಕಟ್ಟು ಬಿಚ್ಚಿದಳು. ಇಪ್ಪತ್ತಾರು ಚೀಟಿ. ಅವನ ಫಿಯಾನ್ಸೆ ಬಂದಳು, ಕಾದಳು, ನಾಚಿದಳು. ಒಂದು ಚೀಟಿಯಲ್ಲೂ ಆ ಫಿಯಾನ್ಸೆ ಬಾಯಿ ಬಿಟ್ಟಿರಲಿಲ್ಲ. ಯಾವುದಾದರೂ ಕಣ್ತಪ್ಪಿರಬಹುದೆಂದು ಮತ್ತೆ ಮೊದಲಿನಿಂದ ಓದಿದಳು. ಆಮೇಲೆ ಪೆನ್ನು ಒತ್ತಿ ಹಿಡಿದು, ತಾನೇ ಒಂದು ವಾಕ್ಯ ಬರೆದಳು.

ಬರೆದವರೇ ಎದ್ದು ನಿಂತು ಕಾರ್ಡನ್ನು ಗಟ್ಟಿಯಾಗಿ ಓದಬೇಕು. ಸಂಪಾದಕರ ಕಿವಿಗೆ ಸಹಜವೆನಿಸಿದರೆ ಮಾತ್ರ ಮೊಹರು. ಅದು ಅಲ್ಲಿಯ ಪದ್ಧತಿ. ಅವಳ ಸರದಿ ಬಂದಾಗ ನಾಲ್ಕೂವರೆ.

"ಪ್ರಯೋಗ," ಎಂದಳು. "'ಈ ಮದುವೆ ನನಗೆ ಬೇಡ ಎಂದಳು ಅವನ ಫಿಯಾನ್ಸೆ.'"

ಅಕ್ಕ ಥಟ್ಟನೆ ತಲೆ ಎತ್ತಿದರು. ಸಂಪಾದಕರು ಎಂದಿನಂತೆ ಕಣ್ಣು ಮುಚ್ಚಿ ಕೇಳುತ್ತಿದ್ದರು.

"ಇನ್ನೊಂದ್ಸಲ ಓದಮ್ಮ."

ಓದಿದಳು. ಈ ಸಲ ಅವರನ್ನೇ ನೋಡುತ್ತ.

"ವಾಕ್ಯ ಸರಿಯಾಗೇ ಇದೆ. ಆದ್ರೆ ಅಪರೂಪದ ಬಳಕೆ. ನಮಗೆ ರೂಢಿಯಲ್ಲಿರೋದು ಬೇಕು. 'ಅವನು ತನ್ನ ಫಿಯಾನ್ಸೆಯನ್ನು ಎಲ್ಲರಿಗೂ ಪರಿಚಯಿಸಿದ' ಅಂತ ಹಾಕು. ಬೇಗ ಮುಗಿಸು ತಾಯಿ, ನಿಮ್ಮಮ್ಮ ಆಗ್ಲೇ ಕೆಳಗೆ ಬಂದಿದಾರೆ."

ದನಿಯಲ್ಲಿ ಸಿಟ್ಟಿರಲಿಲ್ಲ. ಅವರಿಗೆ ತಿಳಿಯಿತೋ ಇಲ್ಲವೋ ಎಂದು ಅವಳು ಮುಖದಲ್ಲಿ ಹುಡುಕುವಷ್ಟರಲ್ಲಿ ಅವರು ಮುಂದಿನ ಕಾರ್ಡಿಗೆ ಕೈ ಚಾಚಿದ್ದರು. ಅಕ್ಕ ಮತ್ತೆ ತಮ್ಮ ಚೀಟಿಗಳನ್ನು ಜೋಡಿಸತೊಡಗಿದರು.

ಒಪ್ಪಿಗೆಯಾಗದ ಕಾರ್ಡನ್ನು ಎಸೆಯುವಂತಿರಲಿಲ್ಲ. ಮಗುಚಿ ಹಿಂಬದಿಯಲ್ಲಿ ಬರೆಯಬೇಕು. ಅವಳು ಮಗುಚಿ, ಅವರು ಹೇಳಿದ್ದನ್ನೇ ಬರೆದಳು. ಮೊಹರು ಬಿತ್ತು.

"ಆಯ್ತೇನೇ? ಅಂಗಡಿಯವರು ಕಾಯ್ತಿರ್ತಾರೆ," ಮೆಟ್ಟಿಲ ಬುಡದಿಂದ ಅಮ್ಮನ ಕೂಗು.

"ಬಂದೆ."

ಕಾರ್ಡನ್ನು ಅಚ್ಚಿಗೆ ಹೋಗುವ ಟ್ರೇಯಲ್ಲಿಟ್ಟಳು. ಮೊದಲು ಒತ್ತಿ ಬರೆದಿದ್ದ ಅಕ್ಷರಗಳು ಈ ಬದಿಗೆ ಸಣ್ಣಗೆ ಉಬ್ಬಿಕೊಂಡಿದ್ದವು. ಉಂಗುರದ ಬೆರಳಿನಿಂದ ಅವನ್ನು ಒಂದೊಂದಾಗಿ, ಸಾಲಿನ ಕೊನೆಯವರೆಗೂ ಸವರಿದಳು.