ಬಳಕೆ: ಸೊನ್ನೆ

"ತಮ್ಮಾ, ಹನ್ನೆರಡಕ್ಕೆ ಸಾಹೇಬ್ರು ಕರೆದಿದಾರೆ. ಅಷ್ಟರೊಳಗೆ ಏನಾದ್ರೂ ಗೊತ್ತಾಗುತ್ತಾ?" ಅಕ್ಕ ಹೀಗೆ ಕೇಳುತ್ತಿದ್ದುದು ನಾಲ್ಕನೆಯ ಸಲ.

ಆಂಬ್ಯುಲೆನ್ಸ್ ಕರೆ ಕೇಂದ್ರದಲ್ಲಿ ಹದಿನೆಂಟು ವರ್ಷದಿಂದ ಫೋನ್ ಎತ್ತುವ ಆಕೆ ಎಲ್ಲರಿಗೂ ಅಕ್ಕನೇ. ನಿನ್ನೆ ಬೆಳಿಗ್ಗೆ ಒಬ್ಬಾತ ಕರೆ ಮಾಡಿದ್ದ. ಮಾತು ಹೊರಡದೆ ಬರೀ ಏದುಸಿರು. ಮಾತಾಡಬಲ್ಲವರು ವಿಳಾಸವನ್ನು ಬಾಯಲ್ಲೇ ಹೇಳುತ್ತಾರೆ. ಇಂಥವರದನ್ನು ಫೋನ್ ನಂಬರಿನಿಂದ ಕಂಪ್ಯೂಟರೇ ಹುಡುಕಿ ಕೊಡಬೇಕು, ಅದೂ ಕಣ್ಣು ಮಿಟುಕಿಸುವುದರೊಳಗೆ. ನಿನ್ನೆ ಒಂಬತ್ತು ನಿಮಿಷ ಹಿಡಿಯಿತು. ಗಾಡಿ ತಲುಪುವಾಗ ಆತ ಸತ್ತಿದ್ದ. ನಿರ್ಲಕ್ಷ್ಯದ ನೋಟಿಸ್ ಬಂದದ್ದು ಅಕ್ಕನಿಗೆ. ಮೇಲಿನವರಿಗೆ ಕೈಗೆ ಸಿಕ್ಕವರೇ ತಪ್ಪಿತಸ್ಥರು.

ಕೇಂದ್ರದ ಡೇಟಾಬೇಸ್ ನೋಡಿಕೊಳ್ಳುವವನು ಸರ್ವರಿನ ಪರದೆಯತ್ತ ಬಾಗಿದ. ಪ್ರೊಸೆಸರ್ ತೊಂಬತ್ತೆಂಟು ಪರ್ಸೆಂಟ್, ಮೆಮೊರಿ ಭರ್ತಿ. ವೈರಸ್ಸೋ, ಮೆಷಿನ್ನಿಗೆ ವಯಸ್ಸಾಯಿತೋ ಎಂದು ಬೆಳಗಿನಿಂದ ಒಬ್ಬೊಬ್ಬರ ಬಾಯಿಗೆ ಬಂದದ್ದೇ ಕಾರಣ. ಸರ್ವರಿನಲ್ಲಿ ಆ ಕ್ಷಣ ಓಡುತ್ತಿದ್ದ ಕೆಲಸಗಳ ಪಟ್ಟಿ ತೆಗೆದ. ನಲವತ್ತು ಸಾಲು, ನಲವತ್ತೂ ಒಂದೇ ಕೆಲಸ: ನಂಬರ್ ಹಿಡಿದು ವಿಳಾಸ ಹುಡುಕುವುದು. ಪ್ರತಿಯೊಂದೂ ಅರವತ್ತು ಲಕ್ಷ ವಿಳಾಸಗಳನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಿತ್ತು. ನಂಬರಿನಿಂದ ನೇರ ವಿಳಾಸಕ್ಕೆ ಒಯ್ಯುವ ಇಂಡೆಕ್ಸೇ ಮಾಯ.

ಯಾರು ಅಳಿಸಿದರು? ಲಾಗ್ ತೆರೆದ. ನಿನ್ನೆ ಬೆಳಿಗ್ಗೆ ಆರು ಹತ್ತು. ಹೆಸರು ತನ್ನದೇ.

ಜಾಗ ಉಳಿಸಲೆಂದು ಉಪಯೋಗಕ್ಕೆ ಬಾರದ ಇಂಡೆಕ್ಸುಗಳನ್ನು ನಿನ್ನೆ ತೆಗೆದುಹಾಕಿದ್ದ. ಇದರ ಮುಂದೆ 'ಬಳಕೆ: ಸೊನ್ನೆ' ಎಂದಿತ್ತು. ಸರ್ವರನ್ನು ರೀಸ್ಟಾರ್ಟ್ ಮಾಡಿದರೆ ಎಷ್ಟು ಸಲ ಬಳಕೆಯಾಯಿತೆಂಬ ಆ ಎಣಿಕೆ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಅಳಿಸುವ ತುಸು ಮುಂಚೆ ರೀಸ್ಟಾರ್ಟ್ ಮಾಡಿದ್ದವನೂ ಅವನೇ. ಇದು ಅವನಿಗೆ ಗೊತ್ತಿಲ್ಲದ ವಿಷಯವಲ್ಲ, ಹೊಸಬರಿಗೆ ಪಾಠ ಹೇಳಿಕೊಟ್ಟವನು. ಆದರೂ ಆ ಸೊನ್ನೆಯನ್ನು ನಂಬಿದ್ದ.

ಇಂಡೆಕ್ಸನ್ನು ಮತ್ತೆ ಕಟ್ಟಿದ. ಐದೇ ನಿಮಿಷ. ತೊಂಬತ್ತೆಂಟು ಇಳಿದು ಹನ್ನೊಂದಾಯಿತು. ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು.

"ಅಬ್ಬ, ದೇವರ ಹಾಗೆ ಬಂದೆ ನೋಡು! ಏನಾಗಿತ್ತಪ್ಪಾ?" ಎಂದಳು ಅಕ್ಕ.

"ಇಂಡೆಕ್ಸ್ ಹೋಗಿತ್ತು."

"ತಾನಾಗೇ ಹೋಯ್ತಾ?"

ಹೂಂ ಅಂದರೆ ಸಾಕಿತ್ತು. ಸಾಹೇಬರಿಗೆ ಇಂಡೆಕ್ಸಿಗೂ ಫ್ಯಾನಿಗೂ ವ್ಯತ್ಯಾಸ ಗೊತ್ತಿರಲಿಲ್ಲ.

"ನಾನೇ ಅಳಿಸಿದ್ದು, ಅಕ್ಕ."

ಅಕ್ಕ ಹೆಡ್‌ಫೋನ್ ಕಳಚಿ ಮೇಜಿನ ಮೇಲಿಟ್ಟಳು. "ನಿನ್ನೆಯಿಂದ ಒಂದು ತುತ್ತು ಗಂಟಲಲ್ಲಿ ಇಳಿದಿಲ್ಲ ನಂಗೆ," ಎಂದಳು. "ಸಾಹೇಬ್ರಿಗೆ ಆಮೇಲೆ ಹೇಳುವೆಯಂತೆ. ಕೆಳಗೆ ಸತ್ತವನ ಹೆಂಡತಿ ಬಂದು ಕೂತಿದಾಳೆ. ಮೊದಲು ಅವಳಿಗೆ ಹೇಳು."

ಕೆಳಗಿನ ಬೆಂಚಿನ ಮೇಲೆ ಆ ಹೆಂಗಸೊಬ್ಬಳೇ ಇದ್ದಳು. ಎದುರು ನಿಂತ. ಇಂಡೆಕ್ಸ್ ಅನ್ನುವ ಪದ ಬಾಯಿಗೆ ಬಂದು ಅಲ್ಲೇ ನಿಂತಿತು.

"ನಿಮ್ಮ ಮನೆ ವಿಳಾಸ ಸಿಗೋದು ತಡವಾಗಿದ್ದು ನನ್ನಿಂದ..."

ಅವಳು ತಲೆಯೆತ್ತಿ ಅವನನ್ನೇ ನೋಡಿದಳು.

"ಕೂತ್ಕೊಂಡು ಹೇಳಿ. ನಿಂತೇ ಇದೀರಲ್ಲ," ಎಂದು ಚೀಲವನ್ನು ಮಡಿಲಿಗೆಳೆದುಕೊಂಡು ಪಕ್ಕದಲ್ಲಿ ಜಾಗ ಮಾಡಿದಳು.