ನೀಲಿ ದಾರದ ಬುಟ್ಟಿ

ಇಪ್ಪತ್ತು ವರ್ಷ ಹಿಂಬಾಗಿಲಿನಿಂದ ಓಡಾಡಿದ ಹೋಟೆಲಿಗೆ ಆ ಭಾನುವಾರ ಮಧ್ಯಾಹ್ನ ಮೊದಲ ಸಲ ಮುಂಬಾಗಿಲಿನಿಂದ ಹೋದೆ. ಯಜಮಾನಿಯ ಹುಕುಂ. "ನೀವು ಆರಿಸಿದ ಮೀನು ತಿಂದು ಊರೆಲ್ಲ ಬಾಯಿ ಚಪ್ಪರಿಸುತ್ತೆ, ನೀವು ಮಾತ್ರ ಮೂಲೇಲಿ ನಿಂತು ಬ್ರೆಡ್ಡು ತಿಂತೀರಿ. ಇವತ್ತು ಹೆಂಡತಿ ಜೊತೆ ಕಿಟಕಿ ಪಕ್ಕ ಕೂತು ಊಟ ಮಾಡ್ಬೇಕು. ಅಡುಗೆಮನೆಗೆ ಕಾಲಿಟ್ಟರೆ ನನಗೆ ಅವಮಾನ ಮಾಡಿದ ಹಾಗೆ, ತಿಳೀತಾ?"

ಬಿಳಿ ಮೇಜುಬಟ್ಟೆ, ಒಬ್ಬೊಬ್ಬರಿಗೆ ಮೂರು ಮೂರು ಫೋರ್ಕು. ಹೆಂಡತಿ ಹಿಗ್ಗಿ ಹೀರೇಕಾಯಿ ಆಗಿದ್ದಳು. ನಾನೋ, ಮುಳ್ಳಿನ ಮೇಲೆ ಕೂತವನು. ಯಾಕೆಂದು ಅವಳಿಗೂ ಹೇಳುವಂತಿರಲಿಲ್ಲ.

ಒಳಗೆ ಒಲೆಗಳ ಮುಂದೆ ನಿಂತು ಎಂಟು ಜನ ಅಡುಗೆಯವರನ್ನು ಆಳುವವಳು ನನ್ನ ತಂಗಿ. ನಾಲ್ಕು ತಿಂಗಳ ಹಿಂದೆ ಒಂದು ವಾರ ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ಅವಳ ಮೂಗಿನ ವಾಸನೆ ಹಿಡಿಯುವ ಶಕ್ತಿಯನ್ನೂ ಕಟ್ಟಿಕೊಂಡು ಹೋಯಿತು. ಹಾಳಾದ ಮೀನನ್ನು ಮೂಗಿಗೆ ಹಿಡಿದರೂ ಅವಳಿಗೆ ಗೊತ್ತಾಗುವುದಿಲ್ಲ. ನನ್ನೊಬ್ಬನಿಗೇ ಹೇಳಿ ಅತ್ತಳು. ಯಜಮಾನಿಗೆ ಹೇಳಿಬಿಡುತ್ತೇನೆ ಎಂದಳು. ನಾನು ರೇಗಿದೆ. "ಬಾಯಿ ಮುಚ್ಕೊಂಡಿರು! ಮೂಗು ಹೋದ ಅಡುಗೆಯವಳನ್ನ ಯಾರು ಇಟ್ಕೋತಾರೆ? ನಾನಿಲ್ವಾ?"

ಅಂದಿನಿಂದ ನನ್ನ ಮೂಗೇ ಅವಳ ಮೂಗು. ಬೆಳಗ್ಗೆ ಬಂದ ಪ್ರತಿ ಬುಟ್ಟಿಯನ್ನೂ ಮೂಸಿ, ಒಳ್ಳೆಯದಾದರೆ ಹಿಡಿಗೆ ಒಂದು ನೀಲಿ ದಾರ ಕಟ್ಟುತ್ತೇನೆ. ದಾರವಿದ್ದ ಬುಟ್ಟಿ ಮಾತ್ರ ಒಲೆಯ ಬಳಿ ಹೋಗಬೇಕು. ಬುಟ್ಟಿ ಖಾಲಿಯಾದ ಕೂಡಲೇ ದಾರ ಕತ್ತರಿಸುತ್ತೇನೆ. ಉಳಿದವರು ಅದು ಏನೋ ನನ್ನ ಲೆಕ್ಕಾಚಾರ ಅಂದುಕೊಂಡಿದ್ದರು.

ಸೂಪಿನ ಚಮಚ ಬಾಯಿಗಿಟ್ಟಿದ್ದೆ. ಹಿತ್ತಲ ಕಡೆ ಕಪ್ಪೆಚಿಪ್ಪು ತರುವವನ ಗಾಡಿ ಬಂದು ನಿಂತ ಸದ್ದು ಕೇಳಿಸಿತು. ಭಾನುವಾರ ಗಿರಾಕಿ ಹೆಚ್ಚು, ಚಿಪ್ಪು ಎರಡನೇ ಸಲ ಬರುತ್ತದೆ. ಬಂದವನು ಬಾಗಿಲ ಬಳಿಯ ಖಾಲಿ ಬುಟ್ಟಿಗಳಿಗೆ ಸುರಿದು ಹೋಗುತ್ತಾನೆ. ಆಗ ನೆನಪಾಯಿತು. "ಕೋಟು ಹಾಕ್ಕೊಳ್ರೀ, ಹೊತ್ತಾಯ್ತು" ಎಂದು ಇವಳು ಫೋನಿನಲ್ಲಿ ಪ್ರಾಣ ತಿಂದ ಅವಸರದಲ್ಲಿ ಎರಡು ಖಾಲಿ ಬುಟ್ಟಿಗಳ ದಾರ ಕತ್ತರಿಸದೆ ಬಂದಿದ್ದೆ.

ಅಯ್ಯೋ ದೇವರೇ! ಮೂಸದ ಚಿಪ್ಪು, ಮೂಸಿದ ದಾರ. ತಂಗಿ ಕಣ್ಣು ಮುಚ್ಚಿ ನಂಬುತ್ತಾಳೆ.

ಎದ್ದೆ. "ಎಲ್ಲಿಗೆ?" ಎಂದಳು ಹೆಂಡತಿ. ಕೈ ತೊಳೆಯಲು ಎಂದೆ. ಅಡುಗೆಮನೆಯ ಬಾಗಿಲಲ್ಲೇ ಯಜಮಾನಿ ಸಿಕ್ಕಿ ತೋಳು ಹಿಡಿದು ತಂದು ಕೂರಿಸಿದರು. "ಒಂದು ದಿನ ಸುಮ್ನೆ ಕೂತ್ಕೊಳ್ಳೋಕೆ ಆಗಲ್ವಾ ನಿಮಗೆ?" ಬಡಿಸುವವನನ್ನು ಕರೆದು, ತಂಗಿಯನ್ನು ಒಂದು ನಿಮಿಷ ಕಳಿಸು ಎಂದೆ. ಅವನು ಹಲ್ಲು ಕಿರಿದ. "ಇವತ್ತು ನಿಮ್ಮ ಮಾತು ಕೇಳ್ಬಾರ್ದು ಅಂತ ಆರ್ಡರ್ ಆಗಿದೆ ಸಾರ್." ಫೋನು ಮಾಡೋಣವೆಂದರೆ ಅಡುಗೆ ನಡೆಯುವಾಗ ಅವರೆಲ್ಲರ ಫೋನೂ ಕಪಾಟಿನಲ್ಲಿ. ಯಜಮಾನಿಗೆ ನಿಜ ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ತಂಗಿಯ ಕೆಲಸವೂ ಅಲ್ಲಿಗೆ ಮುಗಿಯುತ್ತಿತ್ತು. ಬಿಸಿ ತುಪ್ಪ ಗಂಟಲಲ್ಲಿ. ನುಂಗಲೂ ಆಗದು, ಉಗುಳಲೂ ಆಗದು.

ನನ್ನ ಮುಂದೆ ಇಡೀ ಮೀನು ಬಂತು, ನಿಂಬೆಹೋಳಿನ ಹಾಸಿಗೆಯ ಮೇಲೆ. ಬೆಳಗ್ಗೆ ನಾನೇ ಕಿವಿರು ಎತ್ತಿ ನೋಡಿದ್ದ ಮೀನು. ಅದನ್ನು ಮುಟ್ಟಲಿಲ್ಲ. ಚಿಪ್ಪಿನ ಬೋಗುಣಿ ಪಕ್ಕದಲ್ಲಿ ಹಾದುಹೋದಾಗಲೆಲ್ಲ ಕುರ್ಚಿಯಿಂದ ವಾಲಿ ಮೂಸಿದೆ. ಮೊದಲನೆಯದರಲ್ಲಿ ಬೆಣ್ಣೆ, ಬೆಳ್ಳುಳ್ಳಿ, ಸಮುದ್ರ. ಸರಿಯಾಗಿತ್ತು. ಎರಡನೆಯದೂ ಸರಿ.

"ಏನ್ರೀ ಇದು, ಬೇರೆಯವರ ತಟ್ಟೆಗೆ ಮೂಗು ಹಾಕ್ತೀರಿ? ಮಾನ ಹೋಗುತ್ತೆ!" ಹೆಂಡತಿ ಮೇಜಿನಡಿ ಕಾಲು ತುಳಿದಳು.

"ನೀನು ತಿನ್ನೇ, ಸುಮ್ನೆ!"

ಮೂರನೆಯ ಬೋಗುಣಿ ಬಂತು. ಬೆಣ್ಣೆಯ ಕೆಳಗೆ ಕೊಳೆತ ಕೆಸರಿನ ಸಣ್ಣ ಎಳೆ. ಬಗ್ಗಿ ಮೂಸದೆ ಬೇರೆಯವರಿಗೆ ತಿಳಿಯುವಷ್ಟಲ್ಲ, ನನಗೆ ಸಾಕು. ಬೋಗುಣಿ ಎದುರು ಮೇಜಿಗೆ ಹೋಯಿತು. ಅಲ್ಲಿ ತುಂಬಿದ ಬಸುರಿಯೊಬ್ಬಳು ಗಂಡನ ಜೊತೆ ನಗುತ್ತ, ಒಂದು ಚಿಪ್ಪನ್ನು ಬೆರಳಲ್ಲಿ ಎತ್ತಿಕೊಂಡಳು.

"ತಿನ್ಬೇಡಮ್ಮಾ!"

ಇಡೀ ಹೋಟೆಲು ತಿರುಗಿ ನೋಡಿತು. ಅವಳ ಕೈಯಿಂದ ಚಿಪ್ಪು ಕಸಿದುಕೊಂಡೆ, ಬೋಗುಣಿ ಎತ್ತಿಕೊಂಡೆ, ಕೋಟಿನ ಮೇಲೆಲ್ಲ ರಸ ತುಳುಕಿಸುತ್ತ ಅಡುಗೆಮನೆಗೆ ನುಗ್ಗಿದೆ. ಹಿಂದೆಯೇ ಯಜಮಾನಿ.

ತಂಗಿ ನನ್ನ ಮುಖ ನೋಡಿದಳು. ಬೋಗುಣಿಯ ಮೇಲೆ ಬಗ್ಗಿ, ಹಳೆಯ ಅಭ್ಯಾಸದಂತೆ ಉಸಿರೆಳೆದಳು. ಮುಖದಲ್ಲಿ ಏನೂ ಇಲ್ಲ. ಯಜಮಾನಿ ಬಗ್ಗಿ ಮೂಸಿ, ತಟ್ಟನೆ ಹಿಂದೆ ಸರಿದರು.

"ಇದು ನಿಮಗೆ ಗೊತ್ತಾಗ್ಲಿಲ್ವಾ?"

"ತಪ್ಪು ನಂದು," ನಾನು ಅಡ್ಡ ಬಂದೆ. "ಅವಳಿಗೆ ನೆಗಡಿ, ಎರಡು ದಿನದಿಂದ ಸ್ವಲ್ಪ..."

"ಅಣ್ಣಾ, ಸಾಕು." ತಂಗಿ ಒಲೆ ಆರಿಸಿದಳು. ಎಂಟು ಜನರ ಎದುರು ಜ್ವರದಿಂದ ದಾರದವರೆಗೆ ಒಂದನ್ನೂ ಬಿಡದೆ ಹೇಳಿದಳು.

ಯಜಮಾನಿ ಕೂಗಾಡಲಿಲ್ಲ. ಚಿಪ್ಪನ್ನೆಲ್ಲ ಎಸೆಯಲು ಹೇಳಿದರು, ಹೊರಗೆ ಹೋಗಿದ್ದ ಬೋಗುಣಿಗಳನ್ನು ವಾಪಸ್ಸು ತರಿಸಿದರು. ಆಮೇಲೆ ತಂಗಿಯತ್ತ ತಿರುಗಿ, "ಇವತ್ತಿಂದ ನೀವು ಒಲೆ ಮುಂದೆ ನಿಲ್ಲೋದು ಬೇಡ" ಎಂದರು. ಎರಡನೆಯ ಅಡುಗೆಯವಳ ಕೈಗೆ ಸೌಟು ಹೋಯಿತು. ಹದಿನೈದು ವರ್ಷದ ದುಡಿಮೆ ಅಷ್ಟೇ ಹೊತ್ತಿನಲ್ಲಿ ಮುಗಿಯಿತು.

ತಂಗಿ ಏಪ್ರನ್ ಬಿಚ್ಚಿ ಮಡಚಿಟ್ಟಳು. ನೇರವಾಗಿ ಊಟದ ಕೋಣೆಗೆ ನಡೆದು ನನ್ನ ಕುರ್ಚಿಯಲ್ಲಿ ಕೂತಳು. ನಾನು ಮುಟ್ಟದೆ ಬಿಟ್ಟಿದ್ದ ಮೀನನ್ನು ಕೈಯಿಂದಲೇ ಬಿಡಿಸಿ ತಿನ್ನತೊಡಗಿದಳು. ಹೆಂಡತಿ ಬೆಪ್ಪಾಗಿ ನನ್ನನ್ನೂ ಅವಳನ್ನೂ ನೋಡಿದಳು. ನಾನು ಪಕ್ಕದಲ್ಲಿ ಕುಸಿದೆ. ನನಗೆ ಅಳು ಬಂತು, ನಾಚಿಕೆಯಿಲ್ಲದೆ ಅತ್ತೆ.

"ಎರಡು ದಾರ ಕತ್ತರಿಸೋದು ಮರೆತು ನಿನ್ನ ಬಾಳು ಹಾಳು ಮಾಡಿದೆನಲ್ಲೇ!"

ಅವಳು ಬಾಯಲ್ಲಿದ್ದುದನ್ನು ನಿಧಾನವಾಗಿ ನುಂಗಿದಳು. "ಇವತ್ತು ಎಷ್ಟು ಹೊತ್ತು ಇಲ್ಲಿ ಕೂತಿದ್ದೆ ಅಣ್ಣ?"

"ಮುಕ್ಕಾಲು ಗಂಟೆ. ಪ್ರಾಣ ಹೋಗಿ ಬಂತು."

"ನಾನು ನಾಲ್ಕು ತಿಂಗಳು ಹಾಗೇ ನಿಂತಿದ್ದೆ. ಒಂದೊಂದು ತಟ್ಟೆ ಹೊರಗೆ ಹೋದಾಗ್ಲೂ. ಹೇಳ್ಬಿಡ್ತೀನಿ ಅಂದಿದ್ದೆ, ನೀನು ಬಿಡ್ಲಿಲ್ಲ."

ತಂಗಿ ಮೀನಿನ ಇನ್ನೊಂದು ಮಗ್ಗುಲನ್ನು ತಿರುಗಿಸಿ, ಮುಳ್ಳು ಬಿಡಿಸಿ ತಿಂದಳು.